ಬಳೆಯ ಅಳತೆ

“ನನ್ನ ಮಾತ್ರೆ ಡಬ್ಬಿ ಎಲ್ಲಿಟ್ಟಿದ್ದೀಯವ್ವಾ?”

ವನಮಾಲಾ ಹತ್ತು ದಿನದಿಂದ ಕೇಳುತ್ತಿದ್ದ ಮಾತು. ತುಂಗಮ್ಮ ಅಂದೂ ಮಗಳ ಗಂಜಿಗೆ ಉಪ್ಪಿನಕಾಯಿ ರಸ ಬಡಿಸಿದಳು. ಮೂರು ತಿಂಗಳು ಉಪ್ಪಿಲ್ಲದೆ ಉಂಡ ನಾಲಿಗೆಗೆ ಅದು ಹಿತವಾಗಿತ್ತು. ಅದಕ್ಕೇ ವನಮಾಲಾಗೆ ತನ್ನ ಮೇಲೂ ಸಿಟ್ಟು ಬಂತು.

ಹೊಸನಗರದ ರಂಗಮ್ಮ ಮಗನಿಗೆ ಹೆಣ್ಣು ನೋಡಲು ತೀರ್ಥಹಳ್ಳಿಗೆ ಬಂದಾಗ, ಮೈಕೈ ತುಂಬಿಕೊಂಡ ಹುಡುಗಿ ಎಂದು ಮೆಚ್ಚಿ, ವೀಳ್ಯಶಾಸ್ತ್ರದ ದಿನ ತಾನೇ ಅವಳ ಬಲಗೈಗೆ ಚಿನ್ನದ ಬಳೆ ತೊಡಿಸಿ ಹೋಗಿದ್ದಳು. ಆಮೇಲೆ ಶಿವಮೊಗ್ಗದ ಡಾಕ್ಟರು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ಬಿದ್ದ ಗುಳಿ ತೋರಿಸಿ, ಇದು ಮೈಯಲ್ಲ ನೀರು, ಮೂತ್ರಪಿಂಡ ಕೆಟ್ಟು ರಕ್ತದ ಸತ್ವವೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿದೆ ಎಂದಿದ್ದರು. ಉಪ್ಪು ಬಿಡಿಸಿ, ಹೊಸದಾಗಿ ಬಂದ ಮಾತ್ರೆ ಬರೆದುಕೊಟ್ಟು, ಅದನ್ನು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೆ ಅಪಾಯ ಎಂದು ಎರಡು ಸಲ ಹೇಳಿದ್ದರು.

ನೀರು ಇಳಿಯಿತು. ಬಳೆಯೂ ಜಾರತೊಡಗಿತು. ಯಾರದೋ ಮದುವೆ ಮನೆಯಲ್ಲಿ ಅದನ್ನು ಕಂಡ ರಂಗಮ್ಮ, ತಾನು ತೊಡಿಸಿದ ಬಳೆ ನಿಲ್ಲದ ಕೈಗೆ ತನ್ನ ಮನೆಯಲ್ಲಿ ಕೆಲಸವೇನು ಎಂದಳಂತೆ. ಮರುದಿನವೇ ಡಬ್ಬಿ ಕಾಣೆಯಾಯಿತು.

“ಧಾರೆ ಒಂದು ಆಗ್ಲಿ ಮಾರಾಯ್ತಿ. ಆಮೇಲೆ ಸೇರುಗಟ್ಲೆ ನುಂಗು. ನಿನ್ನ ಹಿಂದೆ ಇನ್ನೂ ಇಬ್ರು ಇದಾರೆ,” ಎಂದಳು ತುಂಗಮ್ಮ.

“ಅಷ್ಟ್ರೊಳಗೆ ನಾನೇ ಇಲ್ದಿದ್ರೆ?”

“ಬಿಡ್ತು ಅನ್ನು.”

ಮಧ್ಯಾಹ್ನ ರಂಗಮ್ಮ ಬಂದಳು. ಕಾಫಿ ಕೊಟ್ಟ ಕೈಯನ್ನು ಬಿಡದೆ ಹಿಡಿದು ಬಳೆ ತಿರುಗಿಸಿ ನೋಡಿದಳು. ಬಳೆ ಅಲುಗಲಿಲ್ಲ. ಅವಳ ಮುಖ ಅರಳಿತು.

“ಈಗ ಲಕ್ಷಣ ಬಂತು ನೋಡಿ. ಎಂತ ಹಾಕಿ ಸಾಕಿದ್ರಿ ತುಂಗಮ್ಮ?”

“ಉಪ್ಪು,” ಎಂದಳು ವನಮಾಲಾ.

ತುಂಗಮ್ಮ ಕಣ್ಣು ಬಿಟ್ಟಳು. ಹಿರಿಯರೆದುರು ಎಂದೂ ದನಿ ಎತ್ತದ ಹುಡುಗಿ ಒಳಗೆ ಹೋಗಿ ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಬಂದಳು. ಹಲ್ಲು ಕಚ್ಚಿ ಬಳೆಯನ್ನು ಎಳೆದಳು. ಗೆಣ್ಣಿನ ಚರ್ಮ ಸುಲಿಯಿತು. ಕೊನೆಗೂ ಕಳಚಿದ ಬಳೆಯನ್ನು ರಂಗಮ್ಮನ ಲೋಟದ ಪಕ್ಕ ಇಟ್ಟಳು.

“ಅಳತೆ ನಿಮ್ದು, ನೀವೇ ಇಟ್ಕೊಳ್ಳಿ. ಅವ್ವಾ, ನನ್ನ ಡಬ್ಬಿ ಕೊಡು,” ಎಂದು ಕೈ ಚಾಚಿದಳು.

ಚಾಚಿದ ಮಣಿಕಟ್ಟಿನ ಸುತ್ತ, ಬಳೆ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ, ಆಳವಾದ ಗುಳಿ ಬಿದ್ದಿತ್ತು. ರಂಗಮ್ಮನ ಕಾಫಿ ಆರಿ ತಣ್ಣಗಾದರೂ ಆ ಗುಳಿ ತುಂಬಲಿಲ್ಲ.