ಛಾವಣಿಯ ಎಣ್ಣೆಕಲೆ

ನಕ್ಕರೆ ಮನುಷ್ಯ ನೆಲ ಬಿಟ್ಟು ಮೇಲೇಳುತ್ತಾನೆ, ಅದರಲ್ಲಿ ಹೊಸತೇನಿಲ್ಲ. ಮುಗುಳ್ನಗೆಗೆ ಹಿಮ್ಮಡಿ ಏಳುತ್ತದೆ. ಹೊಟ್ಟೆ ಹುಣ್ಣಾಗುವಂತೆ ನಕ್ಕರೆ ತಲೆ ಛಾವಣಿಗೆ ತಾಗುತ್ತದೆ. ಜಯಣ್ಣನ ಹೆಂಡತಿ ಕರಿಬಸಮ್ಮ ವರ್ಷಾನುಗಟ್ಟಲೆ ಹಾಸಿಗೆ ಹಿಡಿದಿದ್ದರೂ ಆ ಬೀದಿಯಲ್ಲಿ ಅವಳಷ್ಟು ಸಲ ಛಾವಣಿ ಮುಟ್ಟಿದವರಿರಲಿಲ್ಲ. ಔಷಧಿ ಕುಡಿಸುವಾಗ ಜಯಣ್ಣ ಅವಳನ್ನು ಹಳೇ ಸೀರೆಯಿಂದ ಮಂಚಕ್ಕೆ ಕಟ್ಟುತ್ತಿದ್ದ.

ಅವಳು ಹೋದ ಮೇಲೆ ಅವನ ಹಿಮ್ಮಡಿ ನೆಲ ಬಿಟ್ಟಿರಲಿಲ್ಲ.

ದೀಪಾವಳಿಗೆ ಸುಣ್ಣ ಬಳಿಯಲು ಬಂದ ತಿಪ್ಪೇಶ ಏಣಿ ಹತ್ತಿ, ಮಂಚದ ನೇರಕ್ಕಿದ್ದ ಕೊಬ್ಬರಿ ಎಣ್ಣೆಯ ಕಲೆ ತೋರಿಸಿದ. "ಇದನ್ನ ಕೆರೆದು ಬಿಡ್ಲಾ ಯಜಮಾನ್ರೆ? ಎಣ್ಣೆ ಮ್ಯಾಲೆ ಸುಣ್ಣ ಹಿಡಿಯಲ್ಲ."

"ಬ್ಯಾಡ ಕಣಪ್ಪ. ಅದು ನಮ್ಮಾಕೆ ತಲೆ ತಾಗ್ತಿದ್ದ ಜಾಗ."

"ಅಷ್ಟು ಕಾಯಿಲೆ ಇಟ್ಕಂಡು ಏನಂತ ನಗ್ತಿದ್ರು?"

"ಒಂದಿನ ಡಾಕ್ಟ್ರು ಸೂಜಿ ಚುಚ್ಚಕೆ ಬಂದ್ರು. ಎಷ್ಟು ತಡಕಿದ್ರೂ ನರ ಸಿಗವಲ್ದು. 'ನಮ್ಮೋರ ಕೈಲಿ ಹುಡುಕ್ಸಿ ಡಾಕ್ಟ್ರೇ, ಚಕ್ಲಿ ಡಬ್ಬ ಎಲ್ಲಿ ಬಚ್ಚಿಟ್ರೂ ಕಂಡುಹಿಡೀತಾರೆ' ಅಂದ್ಲು. ಡಾಕ್ಟ್ರೂ ಮ್ಯಾಲೆ, ಇವ್ಳೂ ಮ್ಯಾಲೆ. ಸೂಜಿ ಅಲ್ಲೇ ಚುಚ್ಚಿದ್ದು. ನಾನೊಬ್ಬ ಕೆಳಗೆ ಹತ್ತಿ ಉಂಡೆ ಹಿಡ್ಕಂಡು, ಬಾಯಿ ಬಿಟ್ಕಂಡು..."

ಜಯಣ್ಣನ ಮಾತು ನಿಂತಿತು. ನೆತ್ತಿಗೆ ಏನೋ ತಣ್ಣಗೆ ತಾಗಿತ್ತು. ಏಣಿಯ ಮೇಲಿದ್ದ ತಿಪ್ಪೇಶನ ಮುಖ ಅವನ ಮುಖದ ಸಮಕ್ಕೇ ಇತ್ತು.

ಜಯಣ್ಣ ಮೆಲ್ಲಗೆ ಕೆಳಗಿಳಿದ. ಹಳೇ ಕಲೆಯ ಪಕ್ಕದಲ್ಲಿ ಹೊಸದೊಂದು ಎಣ್ಣೆಕಲೆ ಹೊಳೆಯುತ್ತಿತ್ತು. ತಿಪ್ಪೇಶ ಬ್ರಷ್ಷನ್ನು ಸುಣ್ಣಕ್ಕೆ ಅದ್ದಿ, ಎರಡನ್ನೂ ಬಿಟ್ಟು ಸುತ್ತಲೂ ಬಳಿದ.