ಕೆಲಸವಿಲ್ಲದ ಪ್ರಯಾಣ

ಟಿಕೆಟ್ ತಪಾಸಣೆಗೆ ಹತ್ತಿದ ಅಧಿಕಾರಿ ಶಮಶಾದಬಿಯ ಸೀಟಿನ ಹತ್ತಿರ ನಿಂತ.

"ನಿನ್ನೆನೂ ಈ ಬಸ್ಸಿನ್ಯಾಗ ಇದ್ರಿ, ಮೊನ್ನೆನೂ ಇದ್ರಿ. ನವನಗರದಾಗ ದಿನಾ ಏನ್ ಕೆಲಸ ಇರ್ತೈತ್ರಿ ನಿಮಗ?"

ಮುದುಕಿ ಕಂಡಕ್ಟರ್ ಈರಪ್ಪನ ಮುಖ ನೋಡಿದಳು. ಅವನು ಕಿಟಕಿಯಾಚೆ ನೋಡತೊಡಗಿದ. ಅವನಿಗೆ ಎಲ್ಲ ಗೊತ್ತಿತ್ತು. ಹಳೇ ಬಾಗಲಕೋಟೆಯ ಸುಣ್ಣದಭಟ್ಟಿ ಓಣಿಗೆ ಮೊಟ್ಟಮೊದಲ ಸಲ ಬಸ್ಸು ಬಿಟ್ಟು ಇಪ್ಪತ್ತಾರು ದಿನವಾಗಿತ್ತು. ತಿಂಗಳೊಪ್ಪತ್ತು ನೋಡುವುದು, ಜನ ಹತ್ತದಿದ್ದರೆ ನಿಲ್ಲಿಸುವುದು ಎಂದು ಡಿಪೋದಲ್ಲಿ ಗೊತ್ತುಮಾಡಿದ್ದರು. ಆದರೆ ಅದು ಮೇ ತಿಂಗಳು, ಶಾಲೆ ಕಾಲೇಜಿಗೆಲ್ಲ ರಜೆ. ಹೀಗಾಗಿ ಓಣಿಯ ಹೆಂಗಸರೇ ಪಾಳಿ ಹಚ್ಚಿಕೊಂಡು ನವನಗರಕ್ಕೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂತು, ಅದೇ ಬಸ್ಸಿಗೆ ಮರಳುತ್ತಿದ್ದರು. ಹೆಂಗಸರಿಗೆ ಹೇಗೂ ಪ್ರಯಾಣ ಉಚಿತ.

"ಏನೂ ಕೆಲಸ ಇಲ್ರಿ ಸಾಹೇಬ್ರ," ಎಂದಳು ಶಮಶಾದಬಿ. ಪಕ್ಕದಲ್ಲಿದ್ದ ನೆರೆಮನೆಯ ಗುರುಲಿಂಗವ್ವ ಅವಳ ತೋಳು ಚಿವುಟಿದಳು.

"ಮತ್ಯಾಕ ಬರ್ತೀರಿ?"

"ಬಸ್ ಖಾಲಿ ಹೋಗಬಾರದಂತ್ರಿ. ನನ್ನ ಮೊಮ್ಮಗಳು ಖುಶನುಮಾ ಹತ್ತನೇ ಕ್ಲಾಸ್ ಪಾಸಾಗ್ಯಾಳ. ಜೂನ್‌ದಾಗ ಕಾಲೇಜ್ ಚಾಲೂ ಆಗ್ತಾವ. ಬಸ್ ಇಲ್ಲಂದ್ರ ಅವರಪ್ಪ ಕಳಸಂಗಿಲ್ಲ. ಅಕಿ ಜೋಡಿ ಇನ್ನಾ ಆರು ಹುಡುಗ್ಯಾರು ಅದಾರ."

"ಅಂದ್ರ ಇದು ಸುಳ್ಳ ಲೆಕ್ಕ ಆತು."

"ನಾವು ಕುಂತದ್ದು ಖರೇ ಐತಲ್ರಿ."

ಅಧಿಕಾರಿ ನಗಲಿಲ್ಲ. ಮರಳುವಾಗ ಅದೇ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೂ ಬಂದ. ಇಳಿದು ಓಣಿಯುದ್ದಕ್ಕೂ ನಡೆದ. ಅಣೆಕಟ್ಟಿನ ಹಿನ್ನೀರು ಬಂದಮೇಲೆ ಜನ ನವನಗರ ಸೇರಿ, ಎರಡು ಮನೆಗೊಂದು ಮನೆಗೆ ಬೀಗ ಬಿದ್ದಿತ್ತು. ಖುಶನುಮಾಳನ್ನು ಕರೆಸಿ, ಏಳೂ ಹುಡುಗಿಯರ ಹೆಸರು, ಅವರು ಸೇರುವ ಕಾಲೇಜು ಕೇಳಿ ಬರೆದುಕೊಂಡ.

"ಜೂನ್ ಮುಗಿಯೂತನಕ ಬಿಡ್ರಿ ಅಂತ ಬರೀತೇನಿ," ಎಂದ. "ಅದರ ಮುಂದಿಂದು ನನ್ನ ಕೈಯಾಗಿಲ್ಲ."

ಬಸ್ಸು ಜೂನ್ ಪೂರ್ತಿ ಬಂತು. ಖುಶನುಮಾ ಕೆಲವು ದಿನ ನಿಂತುಕೊಂಡೇ ಹೋಗಬೇಕಾಯಿತು. ಹೆಂಗಸರ ಪಾಳಿ ತಾನಾಗಿಯೇ ನಿಂತುಹೋಯಿತು. ಜುಲೈ ಬಂದರೂ ಬಸ್ಸು ನಿಲ್ಲಲಿಲ್ಲ. ಯಾಕೆಂದು ಯಾರೂ ಹೋಗಿ ಕೇಳಲಿಲ್ಲ.

ಒಂದು ಮಧ್ಯಾಹ್ನ ಶಮಶಾದಬಿ ಕಣ್ಣು ತೋರಿಸಿಕೊಂಡು ಬರುತ್ತಿದ್ದಾಗ, ನವನಗರದ ದವಾಖಾನೆಯೊಂದರ ನರ್ಸ್ ಬಂದು ಪಕ್ಕದಲ್ಲಿ ಕೂತಳು. ಹೆಸರು ಸತ್ಯವ್ವ, ಹುನಗುಂದದ ಕಡೆಯವಳು.

"ಈ ಬಸ್ ದಿನಾ ಇರ್ತೈತೇನ್ರಿ ಅಮ್ಮಾ?"

"ದಿನಾ ಇರ್ತೈತವಾ."

"ಹಂಗಾದ್ರ ನಿಮ್ಮ ಓಣ್ಯಾಗ ಬಾಡಿಗಿ ಮನಿ ಸಿಗ್ತಾವೇನ್ರಿ?"

ಸಾಮಾನು ಹೇರಿಕೊಂಡು ಓಣಿ ಬಿಟ್ಟುಹೋದ ಎಷ್ಟೋ ಮಂದಿಯನ್ನು ಶಮಶಾದಬಿ ನೋಡಿದ್ದಳು. ಬರುತ್ತೇನೆ ಅಂದವಳು ಇವಳೇ ಮೊದಲು.

"ಬಾ," ಎಂದಳು. "ಯಾವುದು ಬೇಕು ಆರಿಸ್ಕೋ."