ಕಮಲಾಕ್ಷಿ ತೆಗೆದ ದಪ್ಪ ಸಿಪ್ಪೆ

ಬರೀ ಹೀರೇಕಾಯಿ ಸಿಪ್ಪೇಲೇ ಇಬ್ರು ಹೆಣ್ಮಕ್ಕಳನ್ನ ಸಾಕಿ, ಓದ್ಸಿ, ಮದ್ವೆ ಮಾಡಿದೋಳು ನಾನು...

ಅರ್ಧ ಸುಳ್ಳು ಬಿಡ್ರಪ್ಪ. ಮದ್ವೇಲಿ ಪಾಯಸ ಹಾಕ್ಸಿದ್ದೆ.

ಇನ್ನರ್ಧ ಮಾತ್ರ ನಿಜ... ಅದನ್ನ ಇಷ್ಟು ವರ್ಷ ಯಾರ್ಗೂ ಹೇಳಿರ್ಲಿಲ್ಲ.

ತಿಪಟೂರಲ್ಲಿ ನಮ್ಮದೊಂದು ಸಣ್ಣ ಓಣಿ. ನಮ್ಮೆಜಮಾನ್ರು ತೀರ್ಕೊಂಡಾಗ ದೊಡ್ಡೋಳಿಗೆ ಏಳು, ಚಿಕ್ಕೋಳಿಗೆ ಐದು.

ಊರಾಚೆ ಮೈದುನನ ತೋಟದಲ್ಲಿ ಒಂದು ಹಸು ಕಟ್ಟಿದ್ವಿ. ತಿಂಗಳು ತುಂಬೋದ್ರೊಳಗೆ ಅದನ್ನೂ ಮಾರ್ಬೇಕಾಯ್ತು. ಓಣೀಲಿ ಯಾರ್ಗೂ ಬಾಯಿ ಬಿಡ್ಲಿಲ್ಲ ನಾನು.

ನಮ್ ಕಡೆ ಒಂದು ಪದ್ಧತಿ ಐತೆ. ಹಸು ಇರೋ ಮನೆಗೆ ಅಕ್ಕಪಕ್ಕದೋರು ತರಕಾರಿ ಸಿಪ್ಪೆ, ಕಲಗಚ್ಚು ಎತ್ತಿಟ್ಟು ಕೊಡ್ತಾರೆ.

ಅದೇ ವರ್ಷ ಪಕ್ಕದ ಮನೆ ಮೇಷ್ಟ್ರು ಮದ್ವೆ ಆಗಿ ಕಮಲಾಕ್ಷೀನ ಕರ್ಕೊಂಡು ಬಂದ್ರು. ಹಿತ್ತಲ ಗೋಡೆ ಮೇಲಿಂದ ಬಗ್ಗಿ, ಹಸೂಗೆ ಸಿಪ್ಪೆ ಇದ್ರೆ ಕೊಡಮ್ಮ ಅಂದೆ. ಪಾಪ, ದಿನಾ ಒಂದು ಮೊರದ ತುಂಬ ಕೊಡೋಳು.

ಆ ಸಿಪ್ಪೆ ತಿಂದ ಹಸುಗಳು ಎರಡು... ಎರಡಕ್ಕೂ ಜಡೆ ಇತ್ತು, ಸ್ಕೂಲಿಗೆ ಹೋಗ್ತಿದ್ವು.

ಹೀರೇಕಾಯಿ ಸಿಪ್ಪೇನ ಕಡ್ಲೆಬೇಳೆ, ಒಣಮೆಣಸಿನಕಾಯಿ ಜೊತೆ ಹುರಿದು, ಚೂರು ಹುಣಸೆಹಣ್ಣು ಇಟ್ಟು ಅರೆದ್ರೆ ಚಟ್ನಿ. ಬಾಳೆಕಾಯಿ ಸಿಪ್ಪೆ ಪಲ್ಯ. ಕಲ್ಲಂಗಡಿ ಒಳಗಿನ ಬಿಳೀದನ್ನ ಅಕ್ಕಿ ಜೊತೆ ರುಬ್ಬಿದ್ರೆ ದೋಸೆ... ಮೈಸೂರು ಮಹಾರಾಜ್ರು ತಿಂದಿದ್ರೂ ಇನ್ನೊಂದು ಹಾಕು ಅಂತಿದ್ರು.

ಆದ್ರೆ ಕಮಲಾಕ್ಷಿ ಸಿಪ್ಪೆ ತೆಗೆಯೋದು ನೋಡ್ಬೇಕಿತ್ತು ನೀವು. ಸಿಪ್ಪೆ ಜೊತೆ ಅರ್ಧ ಕಾಯೇ ಬರ್ತಿತ್ತು. ಬಿಡಿಸ್ಕೊಂಡು ಹುಳಿಗೂ ಹಾಕ್ತಿದ್ದೆ.

ನಂಗೂ ಬಾಯಿ ಸುಮ್ನಿರ್ತಿರ್ಲಿಲ್ಲ. ಮೇಷ್ಟ್ರನ್ನ ನಿಲ್ಲಿಸ್ಕೊಂಡು, ನಿಮ್ ಹೆಂಡ್ತಿ ಕೈಗೆ ಈಳಿಗೆ ಮಣೆ ಕೊಡೋದೂ ಒಂದೇ, ಕೊಡ್ಲಿ ಕೊಡೋದೂ ಒಂದೇ ಅಂದ್ಬಿಟ್ಟೆ...

ಓಣಿ ಎಲ್ಲಾ ನಕ್ತು. ಅವತ್ತಿಂದ ಅವಳ ಹೆಸ್ರು ಕೊಡ್ಲಿ ಕಮಲಾಕ್ಷಿ.

ಅವಳತ್ತೆ ಊರಿಂದ ಬಂದಾಗೆಲ್ಲ ಅದೇ ಹೆಸ್ರು ಹಿಡಿದು ಬೈಯೋರು. ಯಾರ ಮನೇಲಿ ಕಾರ್ಯ ಆದ್ರೂ ಅವಳನ್ನ ತರಕಾರಿ ಹೆಚ್ಚೋಕೆ ಕೂರಿಸ್ತಿರ್ಲಿಲ್ಲ. ನೀರು ಸೇದೋಕೆ ಕಳಿಸೋರು.

ಅವಳೂ ನಗ್ತಿದ್ಲು... ನಕ್ಕೊಂಡೇ ನೀರು ಸೇದ್ತಿದ್ಲು.

ವರ್ಷಗಳು ಕಳೆದ್ವು. ಮಕ್ಕಳು ಓದಿ ದೊಡ್ಡ ದೊಡ್ಡ ಮನೆ ಸೇರಿದ್ರು. ಹೋದ ಕಾರ್ತೀಕದಲ್ಲಿ ಕಮಲಾಕ್ಷಿಗೆ ಲಕ್ವ ಹೊಡೀತು. ಡಾಕ್ಟ್ರು ಮನೇಗೇ ಕರ್ಕೊಂಡು ಹೋಗಿ ಅಂದ್ರಂತೆ.

ನೋಡೋಕೆ ಹೋದೆ. ಅವಳ ತಂಗಿ ಪ್ರಮೀಳ ಅಡುಗೆಮನೇಲಿ ಹೀರೇಕಾಯಿ ಸಿಪ್ಪೆ ತೆಗೀತಿದ್ಲು. ಈರುಳ್ಳಿ ಪೊರೆ ಇದ್ದಂಗೆ ಇತ್ತು, ಆಚೆ ಕಡೆ ಇರೋರ ಮುಖ ಕಾಣ್ಬೇಕು, ಅಷ್ಟು ತೆಳ್ಳಗೆ...

ನಾನು ಬಿಡ್ತೀನಾ... ನೀನಾದ್ರೂ ಕಲ್ತಿದೀಯಲ್ಲ, ನಿಮ್ಮಕ್ಕಂಗೆ ಯಾಕೆ ಬರ್ಲಿಲ್ಲ ಅಂದೆ.

ಪ್ರಮೀಳ ಈಳಿಗೆಯಿಂದ ಕೈ ತೆಗೆದ್ಲು.

"ನಂಗೆ ಕಲಿಸಿದ್ದೇ ಅಕ್ಕ. ತವರಲ್ಲಿ ಇದಕ್ಕಿಂತ ತೆಳ್ಳಗೆ ತೆಗೆಯೋಳು. ಇಲ್ಲಿಗೆ ಬಂದ್ಮೇಲೇ ದಪ್ಪ ಆಗಿದ್ದು. ಯಾಕೆ ಅಂದ್ರೆ, ಪಕ್ಕದ್ಮನೇಲಿ ಹಸು ಐತೆ, ಹೊಟ್ಟೆ ತುಂಬ್ಲಿ ಅಂತಿದ್ಲು."



ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಹಸು ಇಲ್ಲ ಅಂತ ನಿಂಗೆ ಗೊತ್ತಿತ್ತೇನೇ ಅಂತ ಕೇಳ್ದೆ.

ಅರ್ಧ ಬಾಯಲ್ಲಿ, ಒಂದೊಂದೇ ಮಾತು ಜೋಡ್ಸಿ ಹೇಳಿದ್ಲು...

"ಹಸು ಇರೋ ಮನೆ ಬಾಗ್ಲಿಗೆ... ಒಂದಿನಾನೂ ಸಗಣಿ ನೀರು ಬೀಳ್ಲಿಲ್ವಲ್ಲ, ನಂಜಕ್ಕ."

ತರಕಾರೀನೇ ಕೊಡ್ಬೋದಿತ್ತು ಅವಳು. ಕೊಟ್ಟಿದ್ರೆ ನಾನು ಇಸ್ಕೊಳ್ತಿರ್ಲಿಲ್ಲ, ಅದೂ ಅವಳಿಗೆ ಗೊತ್ತಿತ್ತು.

ಅವಳ ಕೈ ಹಿಡ್ಕೊಂಡು ಅತ್ತೆ. ನಾನಿಟ್ಟ ಹೆಸ್ರು ನಾನೇ ತೆಗೀತೀನಿ, ಓಣಿಗೆಲ್ಲ ನಿಜ ಹೇಳ್ತೀನಿ ಅಂದೆ. ಅವಳು ಬೇಡ ಅಂತ ತಲೆ ಆಡಿಸಿದ್ಲು.

"ನಿಮ್ ಹುಡುಗೀರು ದೊಡ್ಡ ಮನೆ ಸೇರವ್ರೆ... ಅವ್ರಿಗೆ ಕೀಳಾಗ್ತದೆ. ನಂಗೆ ಆ ಹೆಸ್ರು ಅಭ್ಯಾಸ ಆಗೈತೆ."

ಅದಾಗಿ ಮೂರನೇ ದಿನ ಹೋಗ್ಬಿಟ್ಲು...

ತಿಥಿ ಅಡುಗೆಗೆ ಓಣಿ ಹೆಂಗಸ್ರೆಲ್ಲ ತರಕಾರಿ ಹೆಚ್ಚೋಕೆ ಕೂತಿದ್ವಿ. ನನ್ನ ಆ ಕಡೆ ಈ ಕಡೆ ನನ್ನ ಹೆಣ್ಮಕ್ಕಳು. ಎದುರಿಗೆ ದೊಡ್ಡೋಳ ಅತ್ತೆ, ನಮ್ ಬೀಗಿತ್ತಿ.

ಯಾರೋ ಅಂದ್ರು, ಪಾಪ, ಒಳ್ಳೆ ಹೆಂಗಸು, ಕೈ ಮಾತ್ರ ಕೊಡ್ಲಿ ಅಂತ. ಸುತ್ತ ಕೂತೋರೆಲ್ಲ ಮೆತ್ತಗೆ ನಕ್ರು. ನನ್ನ ಮಕ್ಕಳೂ ನಕ್ರು...

ಕೈಲಿದ್ದ ಕಾಯಿ ಕೆಳಗಿಟ್ಟೆ. ಮಂಡಿ ಹಿಡ್ಕೊಂಡು ಎದ್ದು ನಿಂತೆ.

ಒಂದು ಕಡೆ ಸಾಯೋ ಮುಂಚೆ ಅವಳು ಬೇಡ ಅಂದ ಮಾತು, ನನ್ನ ಮಕ್ಕಳ ಮಾನ. ಇನ್ನೊಂದು ಕಡೆ ಅವಳ ಹೆಸ್ರು.

ಎಲ್ರೂ ನನ್ನೇ ನೋಡ್ತಿದ್ರು... ನಾನು ಬಾಯಿ ತೆಗೆದೆ...

*ಕೊಡೋಕೆ ಗೊತ್ತಿರೋರು, ತಾವು ದಡ್ರು ಅನ್ನಿಸ್ಕೊಂಡಾದ್ರೂ ಇಸ್ಕೊಳ್ಳೋರ ಮಾನ ಕಾಯ್ತಾರೆ.*

ಅವತ್ತು ನಾನು ಏನಂದಿರ್ತೀನಿ, ಹೇಳಿ ನೋಡಾಣ... ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನಂತಿದ್ರಿ?